ಕಬ್ಬನ್ ಸಾಹೇಬರು

ಹಿನಕಲ್ಲಿನ ಬಳಿ ಹುಣಸೂರು ರಸ್ತೆಯಲ್ಲಿ ಕೊಡಗಿನತ್ತ ಸಾಗುವ ವಾಹನಗಳನ್ನು ಕಂಡಾಗ ನಮಗೆ ಮಾರ್ಕ್ ಕಬ್ಬನ್ ಸಾಹೇಬರ ನೆನಪಾಗುತ್ತದೆ. 1800ರಲ್ಲಿ ಭಾರತಕ್ಕೆ ಬಂದ ಇವರು 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದರು. ಇವರ ಕಾಲದಲ್ಲಿ ರಸ್ತೆ, ಸೇತುವೆಗಳಾದುವು. ಮಲೆನಾಡಿನಲ್ಲಿ ಕಾಫಿ ತೋಟಗಳು ಹಬ್ಬಿದುವು. ಉಪಕಾರವನ್ನು ಮರೆಯುವುದು ನಮಗೆ ಸಲ್ಲದು.

ಆದರೆ 1831ರಲ್ಲಿ ಅಧಿಕಾರವನ್ನು ಕಳೆದುಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ಅದನ್ನು ಮರಳಿ ಪಡೆಯದೆಯೇ 1868ರಲ್ಲಿ ಕಾಲವಾದರು. ಸಾಹೇಬರಾದರೋ, ತಾಯ್ನಾಡಿಗೆ ಹೊರಟವರು 1861ರಲ್ಲಿ ದಾರಿಯಲ್ಲೇ, ಸೂಯೆಜಿನಲ್ಲಿ ತೀರಿಕೊಂಡರು. ಒಡೆಯರ ವಂಶಕ್ಕೆ ರಾಜ್ಯವು ಮರಳಿದುದು 1881ರಲ್ಲಿ.

ಗೃಹಸ್ಥರಾದ ವಾಚಕರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಜಮಾನನನ್ನು ಮೂಲೆಯಲ್ಲಿ ಕುಳ್ಳಿರಿಸಿದ ಮೇಲೆ, ಮನೆಯು ಎಷ್ಟು ಚೆನ್ನಾಗಿ ನಡೆದರೂ ಅದು ಪರರ ಆಡಳಿತವೇ ಸರಿ.