ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಕಾರಿನ ಮೀಟರ್ ಪಕ್ಕ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡರೆ ನಮ್ಮ ನಿಗಡಿಯ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಅದರ ಕಡೆ ನೋಡದೆ ಗಾಡಿ ಓಡಿಸುತ್ತಾರೆ, ಇಲ್ಲವೇ ಗ್ಯಾರೇಜಿಗೆ ಹೋಗಿ ದೀಪ ಆರಿಸಿಕೊಂಡು ಬರುತ್ತಾರೆ. ಎರಡೂ ತಪ್ಪು ಅಂತ ನನ್ನ ವಾದ.

ತಮಾಷೆ ನೋಡಿ, ಇದು ಗಾಡಿಗಳ ಊರು. ಒಂದು ಕಡೆ ಪಿಂಪ್ರಿಯ ಟಾಟಾ ಮೋಟಾರ್ಸ್, ಇನ್ನೊಂದು ಕಡೆ ಆಕುರ್ಡಿಯ ಬಜಾಜ್, ನಡುವೆ ಭೋಸರಿ ಎಂಐಡಿಸಿಯ ಬಿಡಿಭಾಗದ ಕಾರ್ಖಾನೆಗಳು. ಗಾಡಿ ಹುಟ್ಟುವ ಊರಿನಲ್ಲೇ ಗಾಡಿಯ ಮಾತು ಕೇಳುವವರಿಲ್ಲ!

ನಮ್ಮ ಸೊಸೈಟಿಯಲ್ಲಿ ವಿಜಾಪುರ ಕಡೆಯ ಕಾಕಾ ಒಬ್ಬರಿದ್ದಾರೆ, ರಿಟೈರ್ ಆದವರು. ಅವರ ಕಾರಿನಲ್ಲಿ ಈ ದೀಪ ಬಂತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಚ್ಚಿದರು, ಪಿ0171 ಅಂತ ಕೋಡ್ ಬಂತು. "ಸಾಹೇಬ, ಸೆನ್ಸರ್ ಗೇಲಾ!" ಎಂದು ಆಕ್ಸಿಜನ್ ಸೆನ್ಸರ್ ಬದಲಾಯಿಸಿದರು. ಸಾವಿರಾರು ರೂಪಾಯಿ ಬಿಲ್ಲು. ವಾರ ಕಳೆಯುವಷ್ಟರಲ್ಲಿ ದೀಪ ಮತ್ತೆ ಹಾಜರ್. ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿ ಸಾವಕಾಶವಾಗಿ ತಡಕಿದಾಗ ಸಿಕ್ಕಿದ್ದು, ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಕೆಳಗಡೆ ಒಂದು ಸೀಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅನ್ನುವುದು ಇದಕ್ಕೇ.

ಪಿ0171 ಅಂದರೆ ಸೆನ್ಸರ್ ಕೆಟ್ಟಿದೆ ಎಂದಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಎಂದು. ಇದಕ್ಕೇ ಲೀನ್ ಅನ್ನುತ್ತಾರೆ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಲೆಕ್ಕ ತಪ್ಪಿದರೆ, ನೀರು ಹೆಚ್ಚಾದ ಹಿಟ್ಟಿನಲ್ಲಿ ರೊಟ್ಟಿ ತಟ್ಟಿದ ಹಾಗೆ, ಯಾವುದೂ ಸರಿ ಬರುವುದಿಲ್ಲ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಸೆನ್ಸರ್ ನೋಡಿ ಹೇಳುತ್ತದೆ. ಎಂಜಿನ್ನಿನ ಕಂಪ್ಯೂಟರ್ ಆಗ ಪೆಟ್ರೋಲ್ ಸ್ವಲ್ಪ ಹೆಚ್ಚು ಬಿಡುತ್ತದೆ. ಈ ಹೆಚ್ಚುವರಿಗೆ ಫ್ಯೂಯೆಲ್ ಟ್ರಿಮ್ ಎಂದು ಹೆಸರು. ಅದು ಸುಮಾರು 20-25 ಶೇಕಡಾ ದಾಟಿದರೆ "ಇನ್ನು ನನ್ನ ಕೈಲಾಗದು" ಎಂದು ದೀಪ ಹಚ್ಚುತ್ತದೆ. ಅಂದರೆ ಹೆಚ್ಚಿನ ಸಲ ಸೆನ್ಸರ್ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ. ಸುದ್ದಿ ತಂದವನನ್ನೇ ಕೆಲಸದಿಂದ ತೆಗೆದರೆ ಹೇಗೆ ಸ್ವಾಮಿ?

ಕಾರ್ಬ್ಯುರೇಟರ್ ಕಾಲದ ಸ್ಕೂಟರ್ ಮಿಸ್ತ್ರಿಗಳನ್ನು ನೆನಪಿಸಿಕೊಳ್ಳಿ. ಚೇತಕ್‌ನ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಿದ್ದರು. ಬಿಳಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ, ಮಸಿ ಹಿಡಿದಿದ್ದರೆ ಜಾಸ್ತಿ, ಕಾಫಿ ಬಣ್ಣವಿದ್ದರೆ ಸರಿ. ಸ್ಕ್ಯಾನರ್ ಇರಲಿಲ್ಲ, ಆದರೆ ಯೋಚನೆ ಇತ್ತು. ಈಗ ಸ್ಕ್ಯಾನರ್ ಇದೆ.

ಆ ಸ್ಕ್ಯಾನರಿನಲ್ಲೇ ಉತ್ತರವೂ ಇರುತ್ತದೆ, ಕೋಡ್ ಓದಿ ಅಲ್ಲಿಗೇ ನಿಲ್ಲಿಸಬಾರದು ಅಷ್ಟೆ. ಟ್ರಿಮ್ ಅಂಕಿಯನ್ನು ಎರಡು ಸಲ ನೋಡಬೇಕು. ಗಾಡಿ ನಿಂತಲ್ಲೇ ಗುರುಗುಡುವಾಗ ಒಮ್ಮೆ, ಆಕ್ಸಿಲೇಟರ್ ಒತ್ತಿ 2500 ಆರ್‌ಪಿಎಂ ಇಟ್ಟಾಗ ಇನ್ನೊಮ್ಮೆ. ನಿಂತಾಗ ಹೆಚ್ಚಿದ್ದು ಆಮೇಲೆ ಇಳಿದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಪೈಪು, ಗ್ಯಾಸ್ಕೆಟ್, ಬ್ರೇಕ್ ಬೂಸ್ಟರಿನ ನಳಿಗೆ ನೋಡಿ. ವೇಗ ಹೆಚ್ಚಿದಂತೆ ಅಂಕಿಯೂ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ. ಪಂಪು, ಫಿಲ್ಟರ್, ಇಂಜೆಕ್ಟರ್ ನೋಡಿ. ಧೂಳು ಹಿಡಿದ ಗಾಳಿ ಸೆನ್ಸರ್ ಕೂಡ ಹೀಗೇ ಮಾಡಬಹುದು. ಒಂದು ಮಾತು: ಗಾಳಿಯನ್ನು ನೇರ ಅಳೆಯದೆ ಒತ್ತಡ ನೋಡಿ ಲೆಕ್ಕ ಹಾಕುವ ಗಾಡಿಗಳಲ್ಲಿ ಕಳ್ಳಗಾಳಿ ಇಷ್ಟು ಸಲೀಸಾಗಿ ಕಾಣಿಸುವುದಿಲ್ಲ. ಅಲ್ಲಿ ಪೈಪಿಗೆ ಹೊಗೆ ತುಂಬಿಸಿ ಎಲ್ಲಿ ಹೊರಬರುತ್ತದೆ ನೋಡುವುದೇ ಒಳ್ಳೆಯ ದಾರಿ.

ಈಗ ಎಲ್ಲರ ಬಾಯಲ್ಲೂ ಇ20. ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಕಬ್ಬೂ ಎಥೆನಾಲ್ ಆಗಿ ಟ್ಯಾಂಕಿಗೆ ಬರುತ್ತಿದೆ. ದೀಪ ಹತ್ತಿದರೆ ಸಾಕು, "ಸರಕಾರದ ಪೆಟ್ರೋಲ್ ಹಾಗಿದೆ" ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಲೆಕ್ಕ ಹಾಕಿ. ಎಥೆನಾಲ್‌ನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಮಿಶ್ರಣ ಲೀನ್ ಆಗುವುದು ನಿಜ. ಶೇಕಡಾ 10 ಎಥೆನಾಲ್ ಇದ್ದರೆ ಬೇಕಾದ ಗಾಳಿ ಸುಮಾರು 14.1, ಶೇಕಡಾ 20 ಇದ್ದರೆ ಸುಮಾರು 13.5. ಇದನ್ನು ಸರಿದೂಗಿಸಲು ನಾಲ್ಕೈದು ಶೇಕಡಾ ಹೆಚ್ಚು ಪೆಟ್ರೋಲ್ ಸಾಕು. ಅಷ್ಟರಿಂದಲೇ ಆರೋಗ್ಯವಂತ ಗಾಡಿಯ ಅಂಕಿ 25ಕ್ಕೆ ಹೋಗದು. ಮೊದಲೇ 18ರಲ್ಲಿ ಏದುಸಿರು ಬಿಡುತ್ತಿದ್ದ ಗಾಡಿಯನ್ನು ಮಾತ್ರ ಇದು ಗೆರೆ ದಾಟಿಸಬಹುದು. ಹಳೆಯ ಗಾಡಿಗಳ ರಬ್ಬರಿಗೆ ಎಥೆನಾಲ್ ಒಗ್ಗುವುದಿಲ್ಲ ಎಂಬ ದೂರಿನಲ್ಲಿ ಹುರುಳಿದೆ, ಆ ಪ್ರಶ್ನೆಯನ್ನು ಕೇಳಲೇಬೇಕು. ಆದರೆ ಸೀಳಿದ ಪೈಪನ್ನು ಹುಡುಕದಿರಲು ಅದು ನೆಪವಾಗಬಾರದು.

ತಪ್ಪು ಮೆಕ್ಯಾನಿಕ್‌ಗಳದ್ದು ಮಾತ್ರವೇ? ನಾನು ಒಪ್ಪುವುದಿಲ್ಲ. ಅರ್ಧ ತಪ್ಪು ಗಿರಾಕಿಗಳಾದ ನಮ್ಮದು. ಪೆಟ್ಟಿಗೆಯಲ್ಲಿ ಬಂದ ಹೊಸ ಸಾಮಾನಿಗೆ ತುಟಿ ಪಿಟಕ್ಕೆನ್ನದೆ ದುಡ್ಡು ಎಣಿಸುತ್ತೇವೆ. ಒಂದು ತಾಸು ಕೂತು ಹುಡುಕಿದವನಿಗೆ ಮುನ್ನೂರು ಕೊಡಲು "ಏನು ಮಾಡಿದಿಯಪ್ಪಾ, ಬರೀ ನೋಡಿದಿ" ಅನ್ನುತ್ತೇವೆ. ಹುಡುಕಿದ್ದಕ್ಕೆ ಬೆಲೆ ಇಲ್ಲದಿದ್ದರೆ ಆತ ಸಾಮಾನನ್ನೇ ಮಾರುತ್ತಾನೆ. ಹೊಟ್ಟೆಪಾಡು, ಅಲ್ಲವೇ?

ಹಾಗಾಗಿ ಮುಂದಿನ ಸಲ "ಯಾವ ಪಾರ್ಟ್ ಹೋಗಿದೆ?" ಎಂದು ಕೇಳಬೇಡಿ. "ಟ್ರಿಮ್ ಎಷ್ಟಿದೆ, ನಿಂತಾಗ ಎಷ್ಟು, 2500ರಲ್ಲಿ ಎಷ್ಟು?" ಎಂದು ಕೇಳಿ. ಅಂಕಿ ಬರೆದುಕೊಳ್ಳಿ. ರಿಪೇರಿ ಆದ ಮೇಲೆ ಅದೇ ಅಂಕಿ ಸೊನ್ನೆಯ ಹತ್ತಿರ ಬಂದಿದೆಯೇ ನೋಡಿ, ಆಮೇಲೆ ದುಡ್ಡು ಕೊಡಿ. ಹುಡುಕಿದ ಶ್ರಮಕ್ಕೂ ಸೇರಿಸಿ ಕೊಡಿ.

ಇನ್ನೊಂದು ಮುಖ್ಯ ಮಾತು. ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನಕ್ಕೆ ಓಡಿಸಿ ಬೇಗ ತೋರಿಸಿ. ಮಿಣುಕತೊಡಗಿದರೆ ಎಂಜಿನ್ ಮಿಸ್ ಹೊಡೆಯುತ್ತಿದೆ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನು ಸುಡುತ್ತಿದೆ ಎಂದರ್ಥ. ಹಬ್ಬಕ್ಕೆ ಮಕ್ಕಳು ಮರಿ ತುಂಬಿಕೊಂಡು ಖಂಬಾಟಕಿ ಘಾಟ್ ಏರುವಾಗ ಹಾಗಾದರೆ, ಊರಿನ ಆಸೆ ಬಿಟ್ಟು ಜಾಗ ನೋಡಿ ಬದಿಗೆ ನಿಲ್ಲಿಸಿ. ಹೋಳಿಗೆ ನಾಳೆ ತಿಂದರಾಯಿತು. ಏನಂತೀರಿ?