ಗುಜರಿಗೆ ಹಾಕುವ ಮುನ್ನ

ಮಲೆನಾಡಿನ ಎಷ್ಟೋ ಮನೆಗಳ ಅಟ್ಟದಲ್ಲಿ ಹಳೆಯದೊಂದು ಆಂಪ್ಲಿಫೈಯರ್ ಧೂಳು ಹಿಡಿದು ಕುಳಿತಿದೆ. ಒಂದು ಕಾಲಕ್ಕೆ ಕ್ಯಾಸೆಟ್ಟಿನ ಯಕ್ಷಗಾನವನ್ನೂ ಭಾವಗೀತೆಯನ್ನೂ ಜಗಲಿಯ ತುಂಬ ಹರಡಿದ ಪೆಟ್ಟಿಗೆ ಅದು. ಒಂದು ದಿನ ಹಾಡಿನ ಹಿಂದೆ ‘ಗುಂಯ್’ ಎಂಬ ಸದ್ದು ಸೇರಿಕೊಂಡಿತು. ದಿನ ಕಳೆದಂತೆ ಅದು ಹಾಡನ್ನೇ ನುಂಗಿತು. ‘ಈಗ ಇದರ ಬಿಡಿಭಾಗ ಸಿಗುವುದಿಲ್ಲ, ಹೊಸದು ಕೊಳ್ಳಿ’ ಎಂದು ಪೇಟೆಯ ಅಂಗಡಿಯಲ್ಲಿ ಹೇಳಿದರು. ಪೆಟ್ಟಿಗೆ ಅಟ್ಟ ಸೇರಿತು. ಅಲ್ಲಿಂದ ಮುಂದಿನ ದಾರಿ ಗುಜರಿಯವರ ತಕ್ಕಡಿಗೆ, ಇಲ್ಲವೇ ಊರಾಚೆಯ ಹಳ್ಳದ ದಂಡೆಗೆ.

ಅಂಗಡಿಯ ಆ ಉತ್ತರ ಬಹಳ ಸಲ ಸರಿಯಲ್ಲ. ಮನೆಗೆ ಬರುವ 230 ವೋಲ್ಟಿನ ವಿದ್ಯುತ್ತನ್ನು ಟ್ರಾನ್ಸ್‌ಫಾರ್ಮರ್ ತಗ್ಗಿಸುತ್ತದೆ. ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಹೀಗೆ ಬಂದದ್ದು ಸಮನಾದ ಹರಿವಲ್ಲ, ಸೆಕೆಂಡಿಗೆ 100 ಸಲ ಏರಿ ಇಳಿಯುವ ಅಲೆ. ಮಳೆಯ ನೀರನ್ನು ಹಿಡಿದಿಟ್ಟು ಬೇಸಿಗೆಗೆ ಹರಿಸುವ ಕೆರೆಯಂತೆ, ಅಲೆ ಏರಿದಾಗ ತುಂಬಿಕೊಂಡು ಇಳಿದಾಗ ಬಿಟ್ಟುಕೊಡುವುದು ಅಲ್ಲಿರುವ ದೊಡ್ಡ ಕೆಪಾಸಿಟರುಗಳ ಕೆಲಸ. ಹಳೆಯ ಮೆಕ್ಯಾನಿಕರು ‘ಕಂಡೆನ್ಸರ್’ ಎನ್ನುವುದು ಇದನ್ನೇ. ಅದರೊಳಗೆ ಸುರುಳಿ ಸುತ್ತಿದ ಅಲ್ಯೂಮಿನಿಯಂ ಹಾಳೆ, ನಡುವೆ ದ್ರಾವಣದಲ್ಲಿ ನೆನೆದ ಕಾಗದ. ವರ್ಷಗಟ್ಟಲೆ ಬಿಸಿ ತಾಗಿದಾಗ ದ್ರಾವಣ ಒಣಗುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರ ರೂಢಿಯ ಲೆಕ್ಕ. ಕೆರೆಯಲ್ಲಿ ಹೂಳು ತುಂಬಿದಂತೆ ಕೆಪಾಸಿಟರಿನ ಹಿಡಿತ ತಗ್ಗಿ, ಅಲೆ ನೇರವಾಗಿ ಸ್ಪೀಕರಿನಲ್ಲಿ ಕೇಳತೊಡಗುತ್ತದೆ.

ಈ ದೋಷವನ್ನು ಗುರುತಿಸುವುದು ಕಷ್ಟವಲ್ಲ. ವಾಲ್ಯೂಮನ್ನು ಪೂರ್ತಿ ತಗ್ಗಿಸಿದರೂ ಸದ್ದು ಹಾಗೆಯೇ ಉಳಿದರೆ ಮೊದಲ ಅನುಮಾನ ಇವುಗಳ ಮೇಲೆ. ವಾಲ್ಯೂಮಿನೊಂದಿಗೆ ಸದ್ದೂ ಏರಿಳಿದರೆ ದೋಷ ತಂತಿಯಲ್ಲೋ ಮುಂದಿನ ಹಂತದಲ್ಲೋ ಇರಬಹುದು. ತಲೆ ಉಬ್ಬಿದ, ಬುಡದಲ್ಲಿ ದ್ರವ ಸೋರಿದ ಕೆಪಾಸಿಟರು ಕಣ್ಣಿಗೇ ಕಾಣುತ್ತದೆ. ಉಬ್ಬದಿದ್ದರೂ ಕೆಟ್ಟಿರಬಹುದಾದ್ದರಿಂದ ಮೀಟರಿನಲ್ಲಿ ಅಳೆಯಬೇಕು. ಮುಖ್ಯ ಮಾತೆಂದರೆ, ಇದು ಯಾವುದೋ ಒಂದು ಮಾದರಿಗಷ್ಟೇ ಹೊಂದುವ ಭಾಗವಲ್ಲ. ಮೈಕ್ರೋಫ್ಯಾರಡ್ ಅಷ್ಟೇ ಇರಬೇಕು, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಬೇಕು, ಗಾತ್ರ ಹೊಂದಬೇಕು. 85 ಡಿಗ್ರಿಯದರ ಬದಲು 105 ಡಿಗ್ರಿ ತಾಳುವಂಥದ್ದನ್ನು ಹಾಕಿದರೆ ಇನ್ನೂ ಒಳ್ಳೆಯದು. ಜೋಡಿಯಿದ್ದಲ್ಲಿ ಎರಡನ್ನೂ ಬದಲಿಸಬೇಕು. ಅದರ ಬೆಲೆ ಹೊಸ ಆಂಪ್ಲಿಫೈಯರಿನ ಬೆಲೆಯ ಒಂದು ಸಣ್ಣ ಪಾಲು.

ಆದರೆ ಇದು ಆಟವಲ್ಲ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಅದನ್ನು ಸ್ಕ್ರೂ ಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡುವ ಅಭ್ಯಾಸ ಅಪಾಯಕಾರಿ. ಸೂಕ್ತ ರೆಸಿಸ್ಟರಿನ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಬಳಿಕವೇ ಕೈ ಹಾಕಬೇಕು. ಧನ, ಋಣ ತುದಿಗಳು ತಿರುಗುಮುರುಗಾದರೆ ಕೆಪಾಸಿಟರು ಸಿಡಿಯುತ್ತದೆ. ಕೆಲಸ ಮುಗಿದ ಮೇಲೆ ಮೊದಲ ಸಲ ನೂರು ವಾಟಿನ ಹಳೆಯ ತಂತಿಬಲ್ಬನ್ನು ಸೀರೀಸಿನಲ್ಲಿಟ್ಟು ಚಾಲೂ ಮಾಡುವುದು ಅನುಭವಿಗಳ ಕ್ರಮ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಕ್ಷೇಮ. ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ. ವಿದ್ಯಾರ್ಥಿಗಳು ಇದನ್ನು ಬಲ್ಲವರ ಪಕ್ಕದಲ್ಲಿ ಕುಳಿತೇ ಕಲಿಯಬೇಕು.

ಕಾಡು, ಹೊಳೆಗಳ ಪತ್ರಿಕೆಗೆ ಈ ರಿಪೇರಿಯ ಗೊಡವೆ ಏಕೆಂದು ಕೇಳಬಹುದು. ಆಂಪ್ಲಿಫೈಯರಿನ ತೂಕದ ಬಹುಪಾಲು ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಮತ್ತು ತಾಮ್ರ, ಅಲ್ಯೂಮಿನಿಯಂ ಹೀಟ್‌ಸಿಂಕ್, ತಗಡಿನ ಕವಚ. ಇವೆಲ್ಲ ನೆಲದೊಳಗಿಂದ ಬಂದವು. ಭದ್ರೆಯ ಜಲಾನಯನದಲ್ಲಿದ್ದ ಕುದುರೆಮುಖದ ಗಣಿ ಮುಚ್ಚಲು ಸುಪ್ರೀಂ ಕೋರ್ಟಿನ 2002ರ ತೀರ್ಪು ಬೇಕಾಯಿತು. ಅಗೆತ ನಿಂತದ್ದು 2005ರ ಕೊನೆಗೆ. ಬಾಕ್ಸೈಟ್ ಗಣಿಯ ವಿರುದ್ಧ ಒಡಿಶಾದ ನಿಯಮಗಿರಿಯ 12 ಗ್ರಾಮಸಭೆಗಳು 2013ರಲ್ಲಿ ‘ಬೇಡ’ ಎಂದವು. ಅಟ್ಟದ ಮೇಲಿನ ಪೆಟ್ಟಿಗೆಯ ಲೋಹ ಆ ಗುಡ್ಡಗಳದ್ದೇ ಎಂದಲ್ಲ. ಆದರೆ ಎಲ್ಲಿಯದಾದರೂ ಒಂದು ಗುಡ್ಡದ್ದು. ಹೊಸ ಗಣಿ ಬೇಡವೆನ್ನುವ ಚಳವಳಿಗೆ, ಈಗಾಗಲೇ ಅಗೆದು ತೆಗೆದದ್ದು ಎಷ್ಟು ಕಾಲ ಬಾಳುತ್ತದೆ ಎಂಬ ಪ್ರಶ್ನೆಯೂ ಸೇರಿದ್ದೇ.

ಬಿಸಾಡಿದ್ದರ ಕಥೆ ಇನ್ನೂ ಕಹಿ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿದೆ. ತಾಮ್ರಕ್ಕಾಗಿ ಪ್ಲಾಸ್ಟಿಕ್ ಹೊದಿಕೆಯ ತಂತಿ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊರಬೀಳುತ್ತದೆ. ಅದರ ಹೊಗೆ ಕುಡಿಯುವವರು ಬಡವರು, ಹಳ್ಳದ ನೀರು ಕುಡಿಯುವವರು ಕೆಳಗಿನ ಊರಿನವರು.

ಕಾನೂನು ಸುಮ್ಮನಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಆಂಪ್ಲಿಫೈಯರ್ ಕೂಡ ಇದೆ. ಮರುಬಳಕೆಯ ಹೊಣೆ ಉತ್ಪಾದಕರದ್ದು. ದುರಸ್ತಿಯ ಹಕ್ಕಿಗೆ ಚೌಕಟ್ಟು ರೂಪಿಸಲು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿ ನೇಮಿಸಿತು. ಆದರೆ ಒಡೆದು ಲೋಹ ಕರಗಿಸುವುದು ಕೊನೆಯ ಮಾತಾಗಬೇಕು. ಮೊದಲ ಮಾತು ದುರಸ್ತಿ. ಸರ್ಕ್ಯೂಟ್ ನಕ್ಷೆ ಮತ್ತು ಬಿಡಿಭಾಗಗಳನ್ನು ವರ್ಷಾನುಗಟ್ಟಲೆ ಒದಗಿಸುವ ಕರ್ತವ್ಯ ತಯಾರಕರ ಮೇಲೆ ಬೀಳದೆ ಆ ಹಕ್ಕಿಗೆ ಬಲ ಬಾರದು.

ಅಲ್ಲಿಯವರೆಗೆ ಊರುಗಳು ಕಾಯಬೇಕಿಲ್ಲ. ತಾಲ್ಲೂಕು ಕೇಂದ್ರದ ಐಟಿಐ ವಿದ್ಯಾರ್ಥಿಗಳು, ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತ ಹಿರಿಯ ರೇಡಿಯೋ ಮೆಕ್ಯಾನಿಕರು, ಒಂದು ಶಾಲೆಯ ಜಗಲಿ, ಮಳೆಗಾಲಕ್ಕೆ ಮುಂಚಿನ ಒಂದು ಭಾನುವಾರ: ಇಷ್ಟು ಕೂಡಿದರೆ ದುರಸ್ತಿಯ ಕೂಟ ನಡೆಯುತ್ತದೆ. ಅಟ್ಟದಿಂದ ಇಳಿದ ಹತ್ತು ಪೆಟ್ಟಿಗೆಗಳಲ್ಲಿ ನಾಲ್ಕು ಹಾಡಿದರೂ ಲಾಭವೇ. ಹಾಡದೆ ಉಳಿದವು ಅಧಿಕೃತ ಸಂಗ್ರಹ ಕೇಂದ್ರಕ್ಕೆ ಹೋಗಲಿ, ಹಳ್ಳಕ್ಕಲ್ಲ. ಹಿರಿಯರ ಕೈಯ ವಿದ್ಯೆ ಕಿರಿಯರ ಕೈಗೆ ದಾಟುವುದು ಇದಕ್ಕಿಂತಲೂ ದೊಡ್ಡ ಲಾಭ. ಆ ವಿದ್ಯೆ ಒಮ್ಮೆ ಕಳೆದುಹೋದರೆ ಅದಕ್ಕೆ ಬಿಡಿಭಾಗ ಯಾವ ಪೇಟೆಯಲ್ಲೂ ಸಿಗುವುದಿಲ್ಲ.