ಅಂದಾಜಿನ ಔಷಧಿ ಗಿಡಕ್ಕೂ ಬೇಡ, ಗಾಡಿಗೂ ಬೇಡ

ಎಲೆ ಹಳದಿ ಆಯ್ತು ಅಂತ ಯಾರಾದರೂ ಫೋನ್ ಮಾಡಿದರೆ ನಾನು ಕೇಳುವ ಮೊದಲ ಪ್ರಶ್ನೆ: ಹಳೇ ಎಲೆನಾ, ಚಿಗುರೆಲೆನಾ? ಕೆಳಗಿನ ಹಳೇ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ ಇರಬಹುದು. ಚಿಗುರು ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ ಇರಬಹುದು. ಇದನ್ನು ನೋಡದೆ ಡಬ್ಬಿ ಸುರಿದರೆ ದುಡ್ಡು ದಂಡ. ಇಷ್ಟೆಲ್ಲ ಹೇಳುವ ನಾನೇ ನಮ್ಮ ಹಳೇ ಪೆಟ್ರೋಲ್ ವ್ಯಾನಿನ ವಿಷಯದಲ್ಲಿ ಅದೇ ತಪ್ಪು ಮಾಡಿದೆ.

ಮಳೆಗಾಲದ ಒಂದು ಬೆಳಗ್ಗೆ ಬೀನ್ಸ್ ತುಂಬಿಕೊಂಡು ಹೊರಟಾಗ ವ್ಯಾನು ಏರಿನಲ್ಲಿ ಜಗ್ಗತೊಡಗಿತು. ಮಿಸ್ಸಿಂಗ್! ಗ್ಯಾರೇಜಿನಲ್ಲಿ ಮೂರೂ ಪ್ಲಗ್ ಬದಲಾಯಿಸಿ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದರು. ಮಾರನೇ ದಿನ ಮತ್ತೆ ಅದೇ ಕಥೆ. ಎರಡು ದಿನ ಮಾರುಕಟ್ಟೆಗೆ ತಡವಾಗಿ ಹೋಗಿ ಬೀನ್ಸನ್ನು ಅರ್ಧ ಬೆಲೆಗೆ ಕೊಟ್ಟು ಬಂದೆ. ಕೊನೆಗೆ ಸಿಕ್ಕ ಕಾಯಿಲೆ ಏನು? ಬಿರುಕು ಬಿಟ್ಟ ಒಂದು ಪ್ಲಗ್ ವೈರ್. ಮೆಕ್ಯಾನಿಕ್ ಮೇಲೆ ಸಿಟ್ಟಿಲ್ಲ, "ಪ್ಲಗ್ ಹಾಕ್ಬಿಡಿ" ಅಂದವನು ನಾನೇ.

ಪೆಟ್ರೋಲ್ ಎಂಜಿನ್ ಉರಿಯಲು ಮೂರು ಬೇಕು: ಸರಿಯಾದ ಹೊತ್ತಿಗೆ ಕಿಡಿ, ಹದವಾದ ಗಾಳಿ-ಪೆಟ್ರೋಲ್ ಮಿಶ್ರಣ, ಸಾಕಷ್ಟು ಕಂಪ್ರೆಷನ್. ಇದರಲ್ಲಿ ಯಾವುದು ಕೈಕೊಟ್ಟಿದೆ ಅಂತ ತಿಳಿಯೋ ಮೊದಲು ಯಾವ ಸಿಲಿಂಡರಿನಲ್ಲಿ ಅಂತ ತಿಳೀಬೇಕು. ಎಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ತೆಗೆಯಿರಿ. ಅದಕ್ಕೊಂದು ಹಳೇ ಪ್ಲಗ್ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗುವಂತೆ ಭದ್ರವಾಗಿ ಇಟ್ಟು ಸ್ವಲ್ಪ ಹೊತ್ತು ಮಾತ್ರ ಸ್ಟಾರ್ಟ್ ಮಾಡಿ. ನಡುಕ ಹೆಚ್ಚಾದರೆ ಆ ಸಿಲಿಂಡರ್ ಕೆಲಸ ಮಾಡ್ತಿತ್ತು ಅಂತರ್ಥ. ಏನೂ ವ್ಯತ್ಯಾಸ ಇಲ್ಲದಿದ್ದರೆ ಕಳ್ಳ ಅಲ್ಲೇ ಇದ್ದಾನೆ. ಪೆಟ್ರೋಲ್ ವಾಸನೆ ಬರ್ತಿದ್ದರೆ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ. ಎಂಜಿನ್ ಓಡುವಾಗ ವೈರ್ ಮುಟ್ಟಬೇಡಿ.

ಆಮೇಲೆ ಆ ಸಿಲಿಂಡರಿನ ಪ್ಲಗ್ ಬಿಚ್ಚಿ ನೋಡಿ. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಕಿಡಿಯ ಮೇಲೆ ಅನುಮಾನ ಪಡಿ. ಎಣ್ಣೆ ಜಿಡ್ಡಿದ್ದರೆ ಎಂಜಿನ್ ಒಳಗೆ ಸವೆದಿರಬಹುದು. ಆ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ: ಕಾಯಿಲೆಯೂ ಜೊತೆಗೆ ಹೋದರೆ ಪ್ಲಗ್ಗೇ ಕೆಟ್ಟಿದೆ. ಹೋಗದಿದ್ದರೆ ವೈರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ನೋಡಿ. ತೇವದ ದಿನ ಮಾತ್ರ ಮಿಸ್ಸಿಂಗ್ ಬಂದರೆ ಮೊದಲು ಇವನ್ನೇ ನೋಡಿ. ರಾತ್ರಿ ಕತ್ತಲಲ್ಲಿ ಬಾನೆಟ್ ತೆಗೆದಾಗ ನಮ್ಮ ವೈರಿನಿಂದ ನೀಲಿ ಕಿಡಿ ಹಾರ್ತಿದ್ದದ್ದು ಕಣ್ಣಿಗೇ ಕಂಡಿತು. ಕಿಡಿ ಸರಿ ಇದ್ದೂ ಮಿಸ್ಸಿಂಗ್ ನಿಲ್ಲದಿದ್ದರೆ ವ್ಯಾಕ್ಯೂಮ್ ಪೈಪ್ ಸೀಳಿದೆಯಾ ನೋಡಿ, ಕಂಪ್ರೆಷನ್ ಪರೀಕ್ಷೆ ಮಾಡಿಸಿ.

"ಕಂಪ್ಯೂಟರ್ ಇರೋ ಗಾಡಿಗೆ ಇದೆಲ್ಲ ಬೇಡ" ಅನ್ನೋರಿದ್ದಾರೆ. ಸ್ಕ್ಯಾನರಿನಲ್ಲಿ ಪಿ0302 ಬಂದರೆ ಎರಡನೇ ಸಿಲಿಂಡರ್ ಅಂತ ಗೊತ್ತಾಗುತ್ತೆ, ಯಾಕೆ ಅಂತ ಗೊತ್ತಾಗಲ್ಲ. ಅಂಥ ಗಾಡಿಯನ್ನು ಮಿಸ್ಸಿಂಗಿನಲ್ಲೇ ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆಗೆ ಹೋಗಿ ದುಬಾರಿ ಕೆಟಲಿಟಿಕ್ ಕನ್ವರ್ಟರನ್ನೇ ಸುಡಬಹುದು.

ನೀವೇ ಮೆಕ್ಯಾನಿಕ್ ಆಗಿ ಅಂತಿಲ್ಲ. ಮುಂದಿನ ಸಲ ಗ್ಯಾರೇಜಿಗೆ ಹೋದಾಗ "ಏನು ಬದಲಾಯಿಸಬೇಕು?" ಅಂತ ಕೇಳೋ ಮೊದಲು "ಯಾವ ಸಿಲಿಂಡರ್?" ಅಂತ ಕೇಳಿ. ಉತ್ತರ ಬರೋವರೆಗೆ ಪರ್ಸು ಜೇಬಲ್ಲೇ ಇರಲಿ.